ಆರ್ಲ್‌ನಲ್ಲಿ ಒಂದು ಶನಿವಾರ: ಸಂತೆ ಮೊದಲು, ಕಲ್ಲು ಆಮೇಲೆ

"ದಕ್ಷಿಣ ಫ್ರಾನ್ಸಿಗೆ ರಜೆಗೆ ಹೋಗ್ತಿದ್ದೀವಿ, ಒಂದು ಶನಿವಾರ ಖಾಲಿ ಇದೆ, ಯಾವ ಊರು ನೋಡೋದು?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕೇಳುವವರಲ್ಲಿ ಜಾಸ್ತಿ ಜನ ಪ್ಯಾರಿಸ್ ಮುಗಿಸಿ ಕೆಳಗಿಳಿದವರು. ಇಲ್ಲವೇ ಮಾರ್ಸೆಲ್, ತುಲೂಸ್ ಕಡೆ ಕೆಲಸದಲ್ಲಿರುವ ಮಗಳ ಮನೆಗೋ ತಮ್ಮನ ಮನೆಗೋ ಬಂದವರು. ನನ್ನ ಉತ್ತರ ಪ್ರತಿ ಸಲವೂ ಒಂದೇ: ಆರ್ಲ್‌ಗೆ ಹೋಗಿ. ಹಿಂದೆಯೇ ಎರಡನೇ ಪ್ರಶ್ನೆ ಬರುತ್ತದೆ, "ಅಲ್ಲಿ ಏನು ಮಾಡೋದು?" ಅದಕ್ಕೆ ಉತ್ತರ ಸ್ವಲ್ಪ ಉದ್ದ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಹೆಸರು. ಬರೆಯುವಾಗ ಕೊನೆಯಲ್ಲಿ ಒಂದು 'ಎಸ್' ಇರುತ್ತದೆ, ಹೇಳುವಾಗ ಇರುವುದಿಲ್ಲ. 'ಆರ್ಲ್ಸ್' ಅಲ್ಲ, ಆರ್ಲ್. ರೋನ್ ನದಿ ಸಮುದ್ರ ಸೇರುವ ಮುಂಚೆ ಈ ಊರಿನ ಹತ್ತಿರವೇ ಎರಡು ಕವಲಾಗುತ್ತದೆ. ಆ ಕವಲುಗಳ ನಡುವಿನ ಜೌಗು ನೆಲವೇ ಕಮಾರ್ಗ್. ಅಲ್ಲಿ ಉಪ್ಪು, ಭತ್ತ, ಬಿಳಿ ಕುದುರೆ, ಕಪ್ಪು ಹೋರಿ. ಊರಿನ ಜನಸಂಖ್ಯೆ ಸುಮಾರು 50,000. ಹಳೇ ಊರನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು. ರೋಮನ್ ಕಾಲದ ಮತ್ತು ಅದರ ನಂತರದ ಕಲ್ಲಿನ ಕಟ್ಟಡಗಳಿಗಾಗಿ 1981ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಇದು.

ಹೋದವರು ಮಾಡುವ ದೊಡ್ಡ ತಪ್ಪು ಅಲ್ಲೇ ಶುರುವಾಗುತ್ತದೆ. ಯುನೆಸ್ಕೊ ಅಂದ ಕೂಡಲೇ ಹತ್ತು ಕಟ್ಟಡಗಳ ಪಟ್ಟಿ ಮಾಡಿಕೊಂಡು ಬೆಳಗ್ಗೆಯೇ ಓಡಲು ಶುರು ಮಾಡುತ್ತಾರೆ. ಮಧ್ಯಾಹ್ನ ಒಂದೂವರೆಗೆ ಸಂತೆ ನೋಡಲು ಬರುತ್ತಾರೆ. ನಾನೂ ಮೊದಲ ಸಲ ಹೀಗೇ ಬಂದೆ. ನಗರಸಭೆಯವರು ಪೈಪು ಹಿಡಿದು ರಸ್ತೆ ತೊಳೆಯುತ್ತಿದ್ದರು. ಒಂದಿಷ್ಟು ಕೋಸಿನ ಎಲೆ ನೋಡಿ ವಾಪಸ್ಸಾದೆ. ಕಲ್ಲು ಎರಡು ಸಾವಿರ ವರ್ಷದಿಂದ ಅಲ್ಲೇ ನಿಂತಿದೆ, ಮೂರು ಗಂಟೆಗೂ ಇರುತ್ತದೆ. ಚೀಸ್ ಮಾರುವ ಅಜ್ಜಿ ಇರುವುದಿಲ್ಲ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಗಟ್ಟಿ ಬಟ್ಟೆ ಚೀಲ ಒಂದು. ಸಂತೆಯಲ್ಲಿ ನಮ್ಮೂರಿನ ಹಾಗೆ ಪ್ಲಾಸ್ಟಿಕ್ ಕವರ್ ಕೇಳಿದರೆ ಸಿಗುವುದಿಲ್ಲ. ಐದು, ಹತ್ತರ ಯೂರೊ ನೋಟು ಮತ್ತು ಚಿಲ್ಲರೆ. ಎಷ್ಟೋ ಕಡೆ ಕಾರ್ಡ್ ನಡೆಯುತ್ತದೆ. ಆದರೆ ಮೂರು ಯೂರೊ ಟೊಮೆಟೊಗೆ ಕಾರ್ಡ್ ಚಾಚಿದರೆ ಮುಖ ಸಣ್ಣದಾಗುತ್ತದೆ. ನೀರಿನ ಬಾಟಲಿ. ಹಳೇ ಊರಿನ ದಾರಿ ಕಲ್ಲು ಹಾಸಿನದು, ಹಾಗಾಗಿ ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಪಾಸ್‌ಪೋರ್ಟ್ ಒಳಜೇಬಿನಲ್ಲಿ ಇರಲಿ, ಅದರ ಫೋಟೋ ಫೋನಿನಲ್ಲಿ ಇರಲಿ. ಸಂತೆಯ ನೂಕುನುಗ್ಗಲು ಎಲ್ಲ ದೇಶದಲ್ಲೂ ಒಂದೇ.

ಇನ್ನೊಂದು, ಗಾಳಿ ತಡೆಯುವ ಜಾಕೆಟ್. ಮಿಸ್ತ್ರಾಲ್ ಅಂದರೆ ಉತ್ತರದಿಂದ ರೋನ್ ಕಣಿವೆ ಹಿಡಿದು ಬೀಸುವ ಒಣ ಗಾಳಿ. ಜೋರಾದಾಗ ಗಂಟೆಗೆ 100 ಕಿ.ಮೀ. ವೇಗ ಮುಟ್ಟುತ್ತದೆ. ಆಕಾಶ ಮಾತ್ರ ಕನ್ನಡಿಯಂತೆ ನೀಲಿ. ಕಿಟಕಿಯಿಂದ ನೋಡಿ "ಆಹಾ ಬಿಸಿಲು" ಅಂತ ತೆಳ್ಳನೆ ಅಂಗಿಯಲ್ಲಿ ಹೊರಟವರು ಮಾರ್ಚ್‌ನಲ್ಲಿ ನಡುಗುತ್ತಾರೆ. ಛತ್ರಿ ಈ ಗಾಳಿಗೆ ನಿಲ್ಲುವುದಿಲ್ಲ.

1. ಯಾವ ಶನಿವಾರ ಅಂತ ನೋಡಿಕೊಳ್ಳಿ

ದೊಡ್ಡ ಸಂತೆ ಶನಿವಾರ ಬೆಳಗ್ಗೆ. ಬುಧವಾರವೂ ಒಂದು ಇದೆ, ಅದು ಚಿಕ್ಕದು, ಬೇರೆ ಬೀದಿಯಲ್ಲಿ. ಆದರೆ ಎಲ್ಲ ಶನಿವಾರವೂ ಒಂದೇ ಥರ ಇರುವುದಿಲ್ಲ. ವರ್ಷಕ್ಕೆ ಎರಡು ಸಲ 'ಫೇರಿಯಾ' ಅನ್ನುವ ಹೋರಿ ಹಬ್ಬ ನಡೆಯುತ್ತದೆ. ಒಂದು ಈಸ್ಟರ್ ವಾರಾಂತ್ಯದಲ್ಲಿ, ಇನ್ನೊಂದು ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್‌ನದರ ಹೆಸರೇ 'ಅಕ್ಕಿಯ ಫೇರಿಯಾ'. ಆಗ ಊರು ಕಿಕ್ಕಿರಿದಿರುತ್ತದೆ, ರೂಮು ಸಿಗುವುದಿಲ್ಲ. ಜುಲೈ ಮೊದಲ ವಾರ ಫೋಟೋಗ್ರಫಿ ಉತ್ಸವ ಶುರು. 1970ರಿಂದ ನಡೆಯುತ್ತಿರುವ ಉತ್ಸವ ಅದು. ಆ ವಾರವೂ ಜಾಗ ಕಷ್ಟ. ನಿಮಗೆ ನಿಧಾನದ ದಿನ ಬೇಕಿದ್ದರೆ ಏಪ್ರಿಲ್ ಕೊನೆ, ಮೇ, ಇಲ್ಲವೇ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದು ಮಾಮೂಲು.

ಹೋರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಇಲ್ಲಿ ಎರಡು ಬೇರೆ ಬೇರೆ ಆಟಗಳಿವೆ, ಪೋಸ್ಟರ್ ನೋಡಿ ಗೊಂದಲ ಮಾಡಿಕೊಳ್ಳಬೇಡಿ. 'ಕೊರಿಡಾ' ಸ್ಪೇನ್ ಮಾದರಿಯದು. ಅದರಲ್ಲಿ ಹೋರಿಯನ್ನು ನಿಮ್ಮ ಕಣ್ಣ ಮುಂದೆಯೇ ಕೊಲ್ಲುತ್ತಾರೆ. 'ಕೂರ್ಸ್ ಕಮಾರ್ಗೇಜ್' ಸ್ಥಳೀಯ ಆಟ. ಬಿಳಿ ಬಟ್ಟೆ ತೊಟ್ಟ ಹುಡುಗರು ಹೋರಿಯ ಕೊಂಬಿಗೆ ಕಟ್ಟಿದ ಸಣ್ಣ ಬಟ್ಟೆ ತುಂಡು, ದಾರದ ಉಂಡೆಗಳನ್ನು ಓಡುತ್ತಲೇ ಕಿತ್ತುಕೊಳ್ಳಬೇಕು. ಒಂದು ಹೋರಿಗೆ ಹದಿನೈದು ನಿಮಿಷ. ಆಮೇಲೆ ಅದು ಹಟ್ಟಿಗೆ ವಾಪಸ್. ಹಾವೇರಿ, ಶಿಕಾರಿಪುರದ ಕಡೆ ಹೋರಿ ಬೆದರಿಸುವುದನ್ನು ನೋಡಿದವರಿಗೆ ಬೇರೆ ವಿವರಣೆಯೇ ಬೇಡ. ಕೊಬ್ಬರಿ ಸರದ ಬದಲು ದಾರದ ಉಂಡೆ, ಅಷ್ಟೇ. ಅಲ್ಲಿಯಂತೆ ಇಲ್ಲೂ ಹೋರಿಗೇ ಹೆಸರು. ಪೋಸ್ಟರ್‌ನಲ್ಲಿ ಹುಡುಗರಿಗಿಂತ ಹೋರಿಯ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಟಿಕೆಟ್ ಮೇಲೆ ಯಾವ ಪದ ಇದೆ ಅಂತ ಎರಡು ಸಲ ಓದಿ.

2. ರೈಲಿನಲ್ಲಿ ಬನ್ನಿ, ಒಂಬತ್ತರೊಳಗೆ ಇಳಿಯಿರಿ

ಮಾರ್ಸೆಲ್‌ನಿಂದ ಸುಮಾರು ಒಂದು ಗಂಟೆ. ನೀಮ್‌ನಿಂದ ಅರ್ಧ ಗಂಟೆ. ಅವಿನ್ಯೋಂನಿಂದ ಇಪ್ಪತ್ತು ನಿಮಿಷ. ಇವು ಟಿಇಆರ್ ರೈಲುಗಳು, ಅಂದರೆ ಪ್ರಾದೇಶಿಕ ರೈಲು. ಸೀಟು ಕಾಯ್ದಿರಿಸುವ ರಗಳೆ ಇಲ್ಲ. ನಿಲ್ದಾಣದ ಯಂತ್ರದಲ್ಲೋ ಫೋನಿನಲ್ಲೋ ಟಿಕೆಟ್ ಕೊಂಡರೆ ಆಯಿತು. 

ಅವಿನ್ಯೋಂನಲ್ಲಿ ಎರಡು ನಿಲ್ದಾಣಗಳಿವೆ. ಪ್ಯಾರಿಸ್‌ನಿಂದ ಬರುವ ವೇಗದ ರೈಲು ಊರ ಹೊರಗಿನ ಟಿಜಿವಿ ನಿಲ್ದಾಣದಲ್ಲಿ ನಿಲ್ಲುತ್ತದೆ. ಊರೊಳಗಿನದು 'ಸಾಂತ್ರ್' ನಿಲ್ದಾಣ. ಎರಡರ ನಡುವೆ ಐದಾರು ನಿಮಿಷದ ಸಣ್ಣ ರೈಲು ಓಡುತ್ತದೆ. ಯಾವ ನಿಲ್ದಾಣದಿಂದ ಹತ್ತಬೇಕು ಅಂತ ಟಿಕೆಟ್‌ನಲ್ಲಿ ನೋಡದೆ ಹೋಗಿ ರೈಲು ತಪ್ಪಿಸಿಕೊಂಡವರ ಕಥೆ ನನಗೆ ತಿಂಗಳಿಗೊಂದು ಬರುತ್ತದೆ.

ಕಾರಿನವರಿಗೆ ಒಂದೇ ಮಾತು. ಶುಕ್ರವಾರ ರಾತ್ರಿ ಸಂತೆ ನಡೆಯುವ ಬೀದಿಯಲ್ಲಿ ಕಾರು ನಿಲ್ಲಿಸಬೇಡಿ. ಬೆಳಗ್ಗೆ ಅದರ ಜಾಗದಲ್ಲಿ ಆಲಿವ್ ಅಂಗಡಿ ಇರುತ್ತದೆ, ಕಾರನ್ನು ಎಳೆದೊಯ್ದಿರುತ್ತಾರೆ.

ಆರ್ಲ್ ನಿಲ್ದಾಣ ಊರಿನ ಉತ್ತರ ತುದಿಯಲ್ಲಿದೆ, ಸಂತೆ ದಕ್ಷಿಣ ತುದಿಯಲ್ಲಿ. ನಡುವೆ ಇಡೀ ಹಳೇ ಊರು. ನಡೆದೇ ಹೋಗಿ. ದಾರಿಯಲ್ಲಿ ದೊಡ್ಡ ರೋಮನ್ ಬಯಲು ರಂಗ ಎದುರಾಗುತ್ತದೆ. "ಇಷ್ಟು ಹತ್ತಿರ ಬಂದಿದ್ದೀವಲ್ಲ, ಒಳಗೆ ನೋಡೇ ಬಿಡೋಣ" ಅನ್ನಿಸುತ್ತದೆ. ಬೇಡ. ಸುಮ್ನೆ ಮುಂದೆ ನಡೆಯಿರಿ.

3. ಸಂತೆ

ಬೀದಿಯ ಹೆಸರು ಬುಲ್ವಾರ್ ದೇ ಲೀಸ್. ಎರಡೂ ಕಡೆ ದೊಡ್ಡ ಮರ, ಅವುಗಳ ಕೆಳಗೆ ಅಂಗಡಿ ಸಾಲು. ಹನ್ನೆರಡೂವರೆಗೆ ಕಟ್ಟಲು ಶುರು ಮಾಡುತ್ತಾರೆ. ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು.

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಈ ತುದಿಯಿಂದ ಆ ತುದಿಗೆ ಸುಮ್ನೆ ನಡೆಯಿರಿ. ತಿನ್ನುವ ಸಾಮಾನು ಒಂದು ಕಡೆ. ಬಟ್ಟೆ, ಚಪ್ಪಲಿ, ಬಕೆಟ್ಟು, ಚಾದರ ಇನ್ನೊಂದು ಕಡೆ. ಅದೇ ಪೀಚ್ ಹಣ್ಣು ಮೂರು ಅಂಗಡಿಯಲ್ಲಿ ಮೂರು ದರಕ್ಕೆ ಇರುತ್ತದೆ. ಸ್ಥಳೀಯರ ಸಾಲು ಉದ್ದ ಇರುವಲ್ಲಿ ನೀವೂ ನಿಲ್ಲಿ.

ಅಂಗಡಿಯ ಮುಂದೆ ಮೊದಲ ಮಾತು 'ಬೋಂಜೂರ್'. ಇದು ಬರೀ ಶಿಷ್ಟಾಚಾರದ ಮಾತಲ್ಲ. ನಮಸ್ಕಾರ ಹೇಳದೆ ನೇರವಾಗಿ "ಇದೆಷ್ಟು?" ಅಂದರೆ ಅಲ್ಲಿ ಅದು ಒರಟುತನ. ಫ್ರೆಂಚರು ಸಿಡುಕರು ಅಂತ ದೂರುವವರಲ್ಲಿ ಅರ್ಧ ಜನ ಈ ಒಂದು ಪದ ಹೇಳಿರುವುದಿಲ್ಲ. ಹಣ್ಣು ತರಕಾರಿಯನ್ನು ನೀವೇ ಹಿಚುಕಿ ನೋಡಬೇಡಿ. ಬುಟ್ಟಿ ಇಟ್ಟಿದ್ದರೆ ಆರಿಸಿಕೊಳ್ಳಿ, ಇಲ್ಲದಿದ್ದರೆ ಕೇಳಿ. ಇವತ್ತು ತಿನ್ನಲೋ ನಾಳೆಗೋ ಅಂತ ಅವರೇ ಕೇಳಿ ಅದಕ್ಕೆ ತಕ್ಕ ಹಣ್ಣು ಕೊಡುತ್ತಾರೆ. ಚೌಕಾಸಿ ತಿನಿಸಿನ ಅಂಗಡಿಯಲ್ಲಿ ನಡೆಯುವುದಿಲ್ಲ.

ಲೆಕ್ಕದಲ್ಲಿ ಎರಡು ಕಡೆ ಕಾಲು ಜಾರುತ್ತದೆ. 'ಊನ್ ಲೀವ್ರ್' ಅಂದರೆ ಹಳೇ ಅಳತೆಯ ಒಂದು ಪೌಂಡು. ಈಗ ಸಂತೆಯಲ್ಲಿ ಅದಕ್ಕೆ ಅರ್ಥ ಅರ್ಧ ಕಿಲೊ. ಇನ್ನು 80ಕ್ಕೆ ಫ್ರೆಂಚಿನಲ್ಲಿ 'ಕಾತ್ರ ವ್ಯಾಂ', ಅಂದರೆ ನಾಲ್ಕು ಇಪ್ಪತ್ತು. ನಾಲ್ಕು ಯೂರೊ ಇಪ್ಪತ್ತು ಸೆಂಟಿಗೂ ಇದೇ ಎರಡು ಪದ ಕಿವಿಗೆ ಬೀಳುತ್ತವೆ, ನಡುವೆ 'ಯೂರೊ' ಸೇರಿರುತ್ತದೆ, ಅಷ್ಟೇ. ಮೇಜುಬಟ್ಟೆಯ ಬೆಲೆ ಕೇಳಿ ಖುಷಿಪಡುವ ಮುಂಚೆ ಬರೆದು ತೋರಿಸಿ ಅನ್ನಿ.

ಏನು ಕೊಳ್ಳಬೇಕು? ನನ್ನ ಮಟ್ಟಿಗೆ ಮೊದಲು ಆಲಿವ್. ಹತ್ತಿರದ ಬೋ ಕಣಿವೆಯ ಹಸಿರು ಆಲಿವ್‌ಕಾಯಿಯನ್ನು ಜಜ್ಜಿ, ಸೋಂಪಿನ ಜಾತಿಯ ಕಾಡು ಗಿಡದ ಜೊತೆ ಉಪ್ಪುನೀರಿನಲ್ಲಿ ನೆನೆಸುತ್ತಾರೆ. ಮಾವಿನ ಮಿಡಿ ಉಪ್ಪಿನಲ್ಲಿ ಹಾಕಿಟ್ಟು ಬೆಳೆದ ನಾಲಿಗೆಗೆ ಅದು ತಕ್ಷಣ ಹಿಡಿಸುತ್ತದೆ. ಆಮೇಲೆ ಮೇಕೆ ಹಾಲಿನ ಸಣ್ಣ ಚೀಸ್. ವಸಂತದಲ್ಲಿ ಸ್ಟ್ರಾಬೆರಿ, ಬೇಸಿಗೆಯಲ್ಲಿ ಕವಾಯೋಂ ಕಡೆಯ ಕರಬೂಜ. ಉತ್ತರ ಆಫ್ರಿಕಾ ಮೂಲದವರ ಅಂಗಡಿಗಳನ್ನು ಬಿಡಬೇಡಿ. ಕೊತ್ತಂಬರಿ, ಪುದೀನ, ಹಸಿಮೆಣಸು, ಖರ್ಜೂರ, ಬಿಸಿ ರೊಟ್ಟಿ ಎಲ್ಲ ಅಲ್ಲಿ ಸಿಗುತ್ತದೆ. ಅಡುಗೆಮನೆ ಇರುವ ರೂಮಿನಲ್ಲಿ ಉಳಿದುಕೊಂಡಿದ್ದರೆ ರಾತ್ರಿ ಒಂದು ಚಟ್ನಿಗೆ ದಾರಿಯಾಯಿತು.

ಕಮಾರ್ಗ್ ಅಕ್ಕಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ನಾವು ಅಕ್ಕಿ ತಿನ್ನುವವರಲ್ವಾ. ಫ್ರಾನ್ಸಿನಲ್ಲಿ ಬೆಳೆಯುವ ಭತ್ತವೆಲ್ಲ ಹೆಚ್ಚುಕಮ್ಮಿ ಇಲ್ಲಿಯದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿನ ಅಕ್ಕಿ ಬರುವುದು ನಿಂತಿತು. ಆಗ ವಿಯೆಟ್ನಾಂನಿಂದ ಬಲವಂತವಾಗಿ ಕರೆತಂದಿದ್ದ ಕೂಲಿಯವರನ್ನು ಈ ಗದ್ದೆಗಳಿಗೆ ಇಳಿಸಿದರು. ಭತ್ತದ ಬೇಸಾಯ ಇಲ್ಲಿ ಗಟ್ಟಿಯಾಗಿ ನಿಂತದ್ದು ಅವರ ಕೈಗುಣದಿಂದ. ಗದ್ದೆಗೆ ನಿಲ್ಲಿಸುವ ಸಿಹಿನೀರು ಮಣ್ಣಿನ ಉಪ್ಪನ್ನೂ ತೊಳೆಯುತ್ತದೆ. ಇಲ್ಲಿಯ ಕೆಂಪಕ್ಕಿ ಕಂಡು "ಓ, ನಮ್ಮ ಕುಚ್ಚಲಕ್ಕಿ" ಅಂದುಕೊಳ್ಳಬೇಡಿ. ಇದು ಕುದಿಸಿ ಒಣಗಿಸಿದ ಅಕ್ಕಿ ಅಲ್ಲ. ಬೇಯಲು ಮುಕ್ಕಾಲು ಗಂಟೆ ಹತ್ತಿರ ಬೇಕು. ಬೆಂದಮೇಲೂ ಕಾಳು ಬಿಡಿಬಿಡಿ, ಅಗಿಯಲು ಗಟ್ಟಿ. ಗಂಜಿಗೆ ಆಗುವುದಿಲ್ಲ, ಕೋಸಂಬರಿ ಥರ ಕಲಸಿದರೆ ಚೆನ್ನ. ಪಕ್ಕದಲ್ಲೇ ಸಣ್ಣ ಡಬ್ಬಿಗಳಲ್ಲಿ 'ಫ್ಲರ್ ದ ಸೆಲ್' ಇರುತ್ತದೆ. ಉಪ್ಪಿನ ಹೂವು ಅಂತ ಅರ್ಥ. ಉಪ್ಪಿನಗದ್ದೆಯ ನೀರಿನ ಮೇಲೆ ಕಟ್ಟುವ ತೆಳು ಕೆನೆಯನ್ನು ಕೈಯಿಂದ ತೆಗೆದದ್ದು. ಉಡುಗೊರೆಗೆ ಇದಕ್ಕಿಂತ ಹಗುರವಾದದ್ದು ಸಿಗದು.

ಮೋಸ ಹೋಗುವ ಎರಡು ಸಾಮಾನು. ಒಂದು, ಮಾರ್ಸೆಲ್ ಸಾಬೂನು. ಹಳೇ ಪದ್ಧತಿಯದು ಹಸಿರು ಬಣ್ಣದ ಆಲಿವ್ ಎಣ್ಣೆಯ ದಪ್ಪ ಚೌಕ, ಮೇಲೆ '72%' ಅಂತ ಅಚ್ಚು. ಅದರಲ್ಲಿ ಬೆರೆಸಿದ ಬಣ್ಣವೂ ಇಲ್ಲ, ಸುಗಂಧವೂ ಇಲ್ಲ. ಗುಲಾಬಿ, ನೇರಳೆ, ಕಿತ್ತಳೆ ಬಣ್ಣದಲ್ಲಿ ಘಮಘಮ ಅನ್ನುವುದು ಹೆಸರಿಗಷ್ಟೇ ಮಾರ್ಸೆಲ್. ಎರಡು, ಹೂ ಹೂ ಚಿತ್ತಾರದ ಪ್ರೊವಾನ್ಸ್ (ಈ ಸೀಮೆಯ ಹೆಸರು) ಬಟ್ಟೆ. ಇದರ ಹಳೇ ಹೆಸರು 'ಆಂಡಿಯೆನ್', ಅಂದರೆ ಭಾರತದ್ದು. ಹದಿನೇಳನೇ ಶತಮಾನದಲ್ಲಿ ಮಾರ್ಸೆಲ್ ಬಂದರಿಗೆ ನಮ್ಮ ಕಡೆಯ ಅಚ್ಚಿನ ಹತ್ತಿಬಟ್ಟೆ ಬಂತು. ಅದರ ಹುಚ್ಚು ಎಷ್ಟು ಹಿಡಿಯಿತು ಅಂದರೆ, ಸ್ವಂತ ರೇಷ್ಮೆ, ಉಣ್ಣೆ ನೇಕಾರರನ್ನು ಉಳಿಸಲು ಫ್ರಾನ್ಸಿನ ದೊರೆ 1686ರಲ್ಲಿ ಅದನ್ನು ನಿಷೇಧಿಸಿದ. ನಿಷೇಧ ತೆರವಾದದ್ದು 1759ರಲ್ಲಿ. ಈಗ ಸಂತೆಯಲ್ಲಿ ಅದೇ ಚಿತ್ತಾರ ಪಾಲಿಯೆಸ್ಟರ್ ಮೇಲೆ ಬರುತ್ತದೆ. ಕೊಳ್ಳುವ ಮುಂಚೆ ಅಂಚು ಮುಟ್ಟಿ ನೋಡಿ.

4. ಹನ್ನೆರಡೂವರೆಗೆ ಊಟ, ಎರಡಕ್ಕಲ್ಲ

ಭಾರತದಿಂದ ಹೋದವರು ತಪ್ಪದೆ ಎಡವುವ ಜಾಗ ಇದು. ಹೋಟೆಲಿನ ಅಡುಗೆಮನೆ ಹನ್ನೆರಡಕ್ಕೆ ತೆರೆದು ಎರಡಕ್ಕೆ ಮುಚ್ಚುತ್ತದೆ. ಎರಡೂ ಹತ್ತಕ್ಕೆ ಹೋದರೆ ಕುರ್ಚಿ ಇರುತ್ತದೆ, ಊಟ ಇರುವುದಿಲ್ಲ. ಮತ್ತೆ ಒಲೆ ಹಚ್ಚುವುದು ಸಂಜೆ ಏಳರ ಮೇಲೆ. ಶನಿವಾರ ಸಂತೆಗೆ ಬಂದ ಹಳ್ಳಿಯವರೂ ಊಟಕ್ಕೆ ಕೂರುವುದರಿಂದ ಮೊದಲೇ ಟೇಬಲ್ ಹೇಳಿಡುವುದು ಲೇಸು.

ಸಸ್ಯಾಹಾರಿಗಳೇ, ಈ ಭಾಗ ಗಮನವಿಟ್ಟು ಓದಿ. 'ತಪನಾದ್' ನೋಡಲು ಆಲಿವ್ ಚಟ್ನಿ, ಆದರೆ ಮಾಮೂಲಿ ತಯಾರಿಯಲ್ಲಿ ಆಂಶ್ವಾ ಅನ್ನುವ ಸಣ್ಣ ಮೀನು ಅರೆದಿರುತ್ತಾರೆ. 'ಫುಗಾಸ್' ರಂಧ್ರಗಳಿರುವ ಚಪ್ಪಟೆ ಬ್ರೆಡ್ಡು. ಆಲಿವ್ ಹಾಕಿದ್ದೂ ಇರುತ್ತದೆ, 'ಲಾರ್ದೋಂ' ಅನ್ನುವ ಹಂದಿ ಮಾಂಸದ ಚೂರು ಹಾಕಿದ್ದೂ ಇರುತ್ತದೆ. ಬಿಸಿ ಮೇಕೆ ಚೀಸಿನ ಸಲಾಡ್ ಮೇಲೂ ಅದೇ ಲಾರ್ದೋಂ ಉದುರಿಸುವುದುಂಟು. 'ತೋರೋ' ಅಂದರೆ ಹೋರಿ. 'ಗಾರ್ದಿಯಾನ್' ಇಲ್ಲಿಯ ಹೆಸರುವಾಸಿ ಸಾರು, ಅದು ಹೋರಿ ಮಾಂಸದ್ದು. 'ಸೋಸಿಸೋಂ' ಮಾಂಸ ತುಂಬಿ ಒಣಗಿಸಿದ್ದು. ಗಟ್ಟಿ ಚೀಸುಗಳಲ್ಲಿ ಹಾಲು ಒಡೆಯಿಸಲು ಕರುವಿನ ಹೊಟ್ಟೆಯಿಂದ ತೆಗೆದ 'ಪ್ರೆಜೂರ್' ಬಳಸುವುದು ಸಾಮಾನ್ಯ. ಕಟ್ಟುನಿಟ್ಟಿನವರು ಕೇಳಿ ಕೊಳ್ಳಿ. "ವೆಜಿಟೇರಿಯನ್" ಅಂತಷ್ಟೇ ಹೇಳಿದರೆ ಮೀನು ತಂದಿಡುವ ಸಾಧ್ಯತೆ ಇದೆ. "ಸಾಂ ವ್ಯಾಂದ್, ಸಾಂ ಪ್ವಾಸೋಂ" ಅಂತ ಬಿಡಿಸಿ ಹೇಳಿ: ಮಾಂಸವೂ ಬೇಡ, ಮೀನೂ ಬೇಡ.

ತಿನ್ನಬಹುದಾದದ್ದೂ ಬೇಕಾದಷ್ಟಿದೆ. ರಾಟಟೂಯಿ ಅಂದರೆ ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿ ಒಟ್ಟಿಗೆ ನಿಧಾನ ಬೇಯಿಸಿದ್ದು. 'ಪನೀಸ್' ಸಿಕ್ಕರೆ ಬಿಡಬೇಡಿ. ಕಡಲೆಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕುದಿಸಿ, ತಟ್ಟೆಗೆ ಸುರಿದು ಆರಿಸಿ, ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ಖಾರ ಒಂದು ಇಲ್ಲ, ಅದನ್ನು ನಿಮ್ಮ ಚೀಲದಲ್ಲಿರುವ ಚಟ್ನಿಪುಡಿ ನೋಡಿಕೊಳ್ಳುತ್ತದೆ.

ಮೆನುವಿನಲ್ಲಿ 'ಪ್ಲಾ ದ್ಯು ಜೂರ್' ಅಂದರೆ ಆ ದಿನದ ಅಡುಗೆ. 'ಫಾರ್ಮ್ಯೂಲ್' ಅಂದರೆ ನಿಗದಿ ಬೆಲೆಗೆ ಎರಡು ಬಗೆ. ನೀರಿಗೆ "ಊನ್ ಕರಾಫ್ ದೋ" ಅನ್ನಿ, ನಲ್ಲಿ ನೀರು ಜಗ್ಗಿನಲ್ಲಿ ಪುಕ್ಕಟೆ ಬರುತ್ತದೆ. ಬರೀ "ವಾಟರ್" ಅಂದರೆ ಬಾಟಲಿ ಬರುತ್ತದೆ, ಬಿಲ್ಲಿಗೂ ಬರುತ್ತದೆ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿದೆ. ಟಿಪ್ಸ್ ಕೊಟ್ಟರೆ ಸಂತೋಷ, ಕೊಡದಿದ್ದರೆ ತಪ್ಪಲ್ಲ. ಕೇಳುವ ತನಕ ಬಿಲ್ಲು ತರುವುದಿಲ್ಲ, ಅದು ಅಸಡ್ಡೆಯಲ್ಲ. "ಲಾದಿಸ್ಯೋಂ" ಅನ್ನಿ.

ನನ್ನ ಇಷ್ಟ ಬೇರೆ. ಸಂತೆಯಲ್ಲಿ ಕೊಂಡ ಬ್ರೆಡ್ಡು, ಚೀಸು, ಟೊಮೆಟೊ, ಆಲಿವ್ ಹಿಡಿದು ಅದೇ ಬೀದಿಗೆ ಅಂಟಿಕೊಂಡಿರುವ 'ಜಾರ್ದ್ಯಾಂ ದೆತೆ', ಅಂದರೆ ಬೇಸಿಗೆ ತೋಟಕ್ಕೆ ಹೋಗಿ. ಮರದ ನೆರಳಿದೆ, ಬೆಂಚಿದೆ, ಚಿತ್ರಕಾರ ವ್ಯಾನ್ ಗೋ ತಲೆಯ ಒಂದು ಕಂಚಿನ ಶಿಲ್ಪವಿದೆ. ಚಾಕು, ಒಂದು ಬಟ್ಟೆ ಇದ್ದರೆ ಸಾಕು. ಗಾಳಿ ಇರುವ ದಿನ ಮಾತ್ರ ಬೇಡ.

5. ಮಧ್ಯಾಹ್ನ: ಎರಡು ಕಟ್ಟಡ, ಮೂರನೆಯದು ಬೇಡ

ಎಲ್ಲ ಸ್ಮಾರಕಗಳನ್ನೂ ಸೇರಿಸಿದ ಪಾಸ್ ಸಿಗುತ್ತದೆ, ಕೆಲವನ್ನಷ್ಟೇ ಸೇರಿಸಿದ ಅಗ್ಗದ ಪಾಸ್ ಕೂಡ ಇದೆ. ಒಂದೇ ದಿನಕ್ಕೆ ಬಂದವರು ದೊಡ್ಡ ಪಾಸ್ ಕೊಂಡರೆ ಹಣ ವಸೂಲಿ ಮಾಡುವ ಹಟಕ್ಕೆ ಬಿದ್ದು ದಿನ ಹಾಳು ಮಾಡಿಕೊಳ್ಳುತ್ತಾರೆ. ಬಿಡಿ ಟಿಕೆಟ್ ಸಾಕು.

ಮೊದಲನೆಯದು ಬೆಳಗ್ಗೆ ಬಿಟ್ಟುಬಂದ ಬಯಲು ರಂಗ. ಕ್ರಿ.ಶ. 90ರ ಸುಮಾರಿಗೆ, ರೋಮ್‌ನ ಕೊಲೊಸಿಯಂ ಮುಗಿದ ಹತ್ತು ವರ್ಷದಲ್ಲಿ ಕಟ್ಟಿದ್ದು. ಉದ್ದ 136 ಮೀಟರ್, ಅಗಲ 107. ಎರಡು ಅಂತಸ್ತು, ಅಂತಸ್ತಿಗೆ 60 ಕಮಾನು. ಸುಮಾರು 20,000 ಜನ ಕೂರುತ್ತಿದ್ದರು. ನನಗೆ ಇಷ್ಟವಾದ ಸಂಗತಿ ಆಮೇಲಿನದು. ರೋಮ್ ಸಾಮ್ರಾಜ್ಯ ಬಿದ್ದ ಮೇಲೆ ಊರಿನವರು ಇದರೊಳಗೇ ಮನೆ ಕಟ್ಟಿಕೊಂಡರು. ಕಮಾನುಗಳೇ ಕೋಟೆ ಗೋಡೆಯಾದವು. ಇನ್ನೂರಕ್ಕೂ ಹೆಚ್ಚು ಮನೆ, ಎರಡು ಪ್ರಾರ್ಥನಾ ಮಂದಿರ ಇದ್ದವು. 1820ರ ದಶಕದಲ್ಲಿ ಮನೆಗಳನ್ನು ಒಡೆದು ತೆಗೆದು ಮತ್ತೆ ಬಯಲು ಮಾಡಿದರು. ಮಧ್ಯಕಾಲದಲ್ಲಿ ಸೇರಿಸಿದ ಕಾವಲು ಗೋಪುರಗಳಲ್ಲಿ ಮೂರು ಉಳಿದಿವೆ. ಹತ್ತಲು ಬಿಡುವ ಗೋಪುರ ಹತ್ತಿ. ಕೆಂಪು ಹೆಂಚಿನ ಮಾಡುಗಳ ಆಚೆ ರೋನ್ ಕಾಣುತ್ತದೆ. ನೆರಳು ಇಲ್ಲ. ಬೇಸಿಗೆಯಲ್ಲಿ ಟೋಪಿ ಇಲ್ಲದೆ ಹೋಗಬೇಡಿ.

ಎರಡನೆಯದನ್ನು ಹವಾಮಾನ ನೋಡಿ ಆರಿಸಿ. ಸೆಕೆ ಇದ್ದರೆ 'ಕ್ರಿಪ್ಟೊಪೋರ್ಟಿಕ್', ಅಂದರೆ ರೋಮನ್ ಚೌಕವನ್ನು ಸಮತಟ್ಟಾಗಿ ನಿಲ್ಲಿಸಲು ಅದರ ಕೆಳಗೆ ಕಟ್ಟಿದ ನೆಲಮಾಳಿಗೆ. ಕತ್ತಲು, ತಂಪು, ಕಾಲ ಕೆಳಗೆ ಜಾರಿಕೆ. ಇಳಿಯುವುದು ನಗರಸಭೆ ಕಟ್ಟಡದೊಳಗಿನಿಂದ. ಅಲ್ಲಿ ಒಂದು ಕ್ಷಣ ತಲೆ ಎತ್ತಿ. 1670ರ ದಶಕದ ಆ ಚಾವಣಿ ಹೆಚ್ಚುಕಮ್ಮಿ ಚಪ್ಪಟೆ, ಪೂರ್ತಿ ಕಲ್ಲು, ನಡುವೆ ಒಂದು ಕಂಬವೂ ಇಲ್ಲ. ತಂಪಾದ ದಿನವಾದರೆ ಎದುರಿನ ಸ್ಯಾಂ ಟ್ರೋಫೀಮ್ ಚರ್ಚಿಗೆ ಹೋಗಿ. ಬಾಗಿಲಿನ ಮೇಲಿನ ಹನ್ನೆರಡನೇ ಶತಮಾನದ ಕೆತ್ತನೆ ನೋಡಲು ಟಿಕೆಟ್ ಬೇಡ. ಒಂದು ಕಡೆ ಸ್ವರ್ಗಕ್ಕೆ ಹೋಗುವವರು ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದಾರೆ. ಇನ್ನೊಂದು ಕಡೆ ನರಕಕ್ಕೆ ಹೋಗುವವರನ್ನು ಒಂದೇ ಸರಪಳಿಯಲ್ಲಿ ಬಿಗಿದು ಎಳೆದೊಯ್ಯುತ್ತಿದ್ದಾರೆ. ಪಕ್ಕದ ಕಂಬಸಾಲಿನ ಅಂಗಳಕ್ಕೆ ಮಾತ್ರ ಟಿಕೆಟ್.

ಮ್ಯೂಸಿಯಂ ಪ್ರಿಯರಿಗೆ ಒಂದು ಬದಲಿ ಇದೆ. ಊರ ಅಂಚಿನ ಪುರಾತನ ವಸ್ತುಗಳ ಮ್ಯೂಸಿಯಂನಲ್ಲಿ ರೋನ್ ತಳದ ಕೆಸರಿನಿಂದ 2011ರಲ್ಲಿ ಎತ್ತಿದ 31 ಮೀಟರ್ ಉದ್ದದ ರೋಮನ್ ದೋಣಿ ಇದೆ. ಹೋದರೆ ಮಧ್ಯಾಹ್ನ ಪೂರ್ತಿ ಅದಕ್ಕೇ ಕೊಡಿ, ಮೇಲಿನ ಎರಡನ್ನೂ ಬಿಡಿ.

6. ವ್ಯಾನ್ ಗೋ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಜಾಸ್ತಿ ಬೇಸರ ಆಗುವುದು ಈ ವಿಷಯದಲ್ಲಿ. ವಿನ್ಸೆಂಟ್ ವ್ಯಾನ್ ಗೋ 1888ರ ಫೆಬ್ರುವರಿ 20ರಂದು ಇಲ್ಲಿಗೆ ಬಂದ. ಬಿಸಿಲು ಹುಡುಕಿ ಬಂದವನಿಗೆ ಕಂಡದ್ದು ಹಿಮ. 1889ರ ಮೇ ತಿಂಗಳಲ್ಲಿ ಹೊರಟುಹೋದ. ಆ ಹದಿನೈದು ತಿಂಗಳಲ್ಲಿ ಸುಮಾರು 200 ವರ್ಣಚಿತ್ರ ಬರೆದ. ಅವುಗಳಲ್ಲಿ ಒಂದೂ ಈ ಊರಿನದಾಗಿ ಉಳಿದಿಲ್ಲ. ಅವನ ಹೆಸರಿನ ಫೌಂಡೇಶನ್ 2014ರಲ್ಲಿ ತೆರೆಯಿತು. ಅಲ್ಲಿ ಬೇರೆಡೆಯಿಂದ ಎರವಲು ತಂದ ಒಂದೆರಡು ಮೂಲ ಚಿತ್ರ ಇಟ್ಟಿರುತ್ತಾರೆ. ಆ ಸಲ ಯಾವುದು ಅಂತ ನೋಡಿಕೊಂಡು ಒಳಗೆ ಹೋಗಿ. "ಹಳದಿ ಮನೆ ಎಲ್ಲಿ?" ಅಂತ ಹುಡುಕಬೇಡಿ, 1944ರ ಬಾಂಬ್ ದಾಳಿಯಲ್ಲಿ ಹೋಯಿತು.

ಸಿಗುವುದು ಅವನು ನಿಂತು ಬರೆದ ಜಾಗಗಳು. ಅಲ್ಲಲ್ಲಿ ಚಿತ್ರದ ಪ್ರತಿ ಹಚ್ಚಿದ ಫಲಕಗಳಿವೆ. ಕಿವಿ ಕೊಯ್ದುಕೊಂಡ ಮೇಲೆ ಸೇರಿಸಿದ ಹಳೇ ಆಸ್ಪತ್ರೆಯ ಅಂಗಳಕ್ಕೆ ಈಗ 'ಎಸ್ಪಾಸ್ ವ್ಯಾನ್ ಗೋ' ಅಂತ ಹೆಸರು. ಅವನ ಚಿತ್ರ ನೋಡಿಕೊಂಡೇ ಅಲ್ಲಿಯ ಹೂದೋಟವನ್ನು ಮತ್ತೆ ಮಾಡಿದ್ದಾರೆ, ಒಳಗೆ ಹೋಗಲು ದುಡ್ಡಿಲ್ಲ. ಪ್ಲಾಸ್ ದ್ಯು ಫೋರಂ ಚೌಕದಲ್ಲಿ ರಾತ್ರಿ ಕೆಫೆ ಚಿತ್ರದ ಜಾಗ ಇದೆ. ಚಿತ್ರದಲ್ಲಿ ಹಳದಿ ಇದ್ದದ್ದು ದೀಪದ ಬೆಳಕಿನಿಂದ. ಪ್ರವಾಸಿಗರಿಗಾಗಿ ಗೋಡೆಗೇ ಹಳದಿ ಬಳಿದದ್ದು ಆಮೇಲೆ. ಫೋಟೋ ತೆಗೆಯಿರಿ, ಊಟಕ್ಕೆ ಬೇರೆ ಬೀದಿ ಹುಡುಕಿ. ಅಂದಹಾಗೆ, 1889ರಲ್ಲಿ "ಈ ಹುಚ್ಚನನ್ನು ಕೂಡಿಹಾಕಿ" ಅಂತ ಸುಮಾರು 30 ಜನ ನೆರೆಹೊರೆಯವರು ಅರ್ಜಿ ಕೊಟ್ಟಿದ್ದರು. ಈಗ ಊರಿನ ಪ್ರತಿ ಲೋಟದ ಮೇಲೂ ಅವನೇ.

7. ನಾಲ್ಕರಿಂದ ಆರು: ಏನೂ ಇಟ್ಟುಕೊಳ್ಳಬೇಡಿ

ಯಾವುದಾದರೂ ಚೌಕದ ಕೆಫೆಯಲ್ಲಿ ಕೂರಿ. ಒಂದು ಕಾಫಿಗೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಬರೀ 'ಕೆಫೆ' ಅಂದರೆ ಸಣ್ಣ ಬಟ್ಟಲಿನಲ್ಲಿ ಕಪ್ಪು ಡಿಕಾಕ್ಷನ್ ಬರುತ್ತದೆ. ಹಾಲು ಬೇಕಿದ್ದರೆ 'ಕೆಫೆ ಕ್ರೆಮ್'. ಫಿಲ್ಟರ್ ಕಾಫಿ ನೆನೆಸಿಕೊಳ್ಳಬೇಡಿ.

ಮಕ್ಕಳಿದ್ದು ಓಡಾಡುವ ಜಾಗ ಬೇಕಾದರೆ ಲ್ಯೂಮಾ ಪಾರ್ಕಿಗೆ ಹೋಗಿ. ಹಳೇ ರೈಲ್ವೆ ವರ್ಕ್‌ಶಾಪ್ ಇದ್ದ ಜಾಗ ಅದು. ವಾಸ್ತುಶಿಲ್ಪಿ ಫ್ರಾಂಕ್ ಗೆರಿ ಕಟ್ಟಿದ 56 ಮೀಟರ್ ಎತ್ತರದ, ಸುಕ್ಕುಸುಕ್ಕಾದ ಸ್ಟೀಲ್ ಹೊದಿಕೆಯ ಗೋಪುರ 2021ರಲ್ಲಿ ತೆರೆಯಿತು. ಊರಿನಲ್ಲಿ ಅರ್ಧ ಜನಕ್ಕೆ ಅದು ಹೆಮ್ಮೆ, ಇನ್ನರ್ಧಕ್ಕೆ ಕಣ್ಣಿಗೆ ಕಸ. ನನಗಂತೂ ಸಂಜೆ ಬಿಸಿಲು ಬಿದ್ದಾಗ ಮಾತ್ರ ಇಷ್ಟ.

8. ಕತ್ತಲಾಗುವಾಗ ನದಿ ದಂಡೆ

ರೋನ್ ದಂಡೆಯ ಕಲ್ಲುಕಟ್ಟೆ ಮೇಲೆ ರೈಲು ನಿಲ್ದಾಣದ ದಿಕ್ಕಿಗೆ ನಡೆಯಿರಿ. 1888ರ ಸೆಪ್ಟೆಂಬರ್‌ನಲ್ಲಿ ವ್ಯಾನ್ ಗೋ ನದಿ ಮೇಲಿನ ನಕ್ಷತ್ರಗಳ ಚಿತ್ರ ಬರೆದದ್ದು ಇಲ್ಲೇ. ಮೂಲ ಚಿತ್ರ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಪ್ಯಾರಿಸ್ ಮೂಲಕ ಬರುವವರು ಮೊದಲು ಅಲ್ಲಿ ನೋಡಿ ಬನ್ನಿ. ಚಿತ್ರದಲ್ಲಿ ದೀಪಗಳ ಬೆಳಕು ನೀರಿನ ಮೇಲೆ ಉದ್ದಕ್ಕೆ ಬಿದ್ದಿರುವ ರೀತಿ ಇವತ್ತಿಗೂ ಹಾಗೇ ಇದೆ. ಸ್ವಲ್ಪ ಮುಂದೆ ಎರಡು ಕಲ್ಲಿನ ಸಿಂಹಗಳು ಸಿಗುತ್ತವೆ. ಯುದ್ಧದಲ್ಲಿ ಬಿದ್ದ ರೈಲು ಸೇತುವೆಯ ಗುರುತು ಅವು.

ಹೊತ್ತಿನ ಲೆಕ್ಕ ಸರಿಯಾಗಿ ಹಾಕಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ಹತ್ತಿರ. ನಕ್ಷತ್ರ ಕಾಣಲು ಹತ್ತು ದಾಟಬೇಕು. ಅಷ್ಟರಲ್ಲಿ ಕಡೆಯ ರೈಲು ಹೋಗಿರಬಹುದು. ಬೇಸಿಗೆಯಲ್ಲಿ ಹೋಗುವವರು ಒಂದು ರಾತ್ರಿ ಊರಲ್ಲೇ ಉಳಿಯಿರಿ. ಡಿಸೆಂಬರ್‌ನಲ್ಲಿ ಐದು ಗಂಟೆಗೇ ಸೂರ್ಯ ಮುಳುಗುವುದರಿಂದ ಆ ತೊಂದರೆ ಇಲ್ಲ, ಚಳಿ ಇದೆ. ಕಡೆಯ ರೈಲು ಎಷ್ಟು ಗಂಟೆಗೆ ಅಂತ ಬೆಳಗ್ಗೆ ಇಳಿದಾಗಲೇ ಫೋಟೋ ಹೊಡೆದಿಟ್ಟುಕೊಳ್ಳಿ. ಶನಿವಾರದ ವೇಳಾಪಟ್ಟಿ ಬೇರೆ ಇರುತ್ತದೆ. ನಾಳೆ ಭಾನುವಾರ, ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ, ಹಾಲು ಬ್ರೆಡ್ಡು ಇವತ್ತೇ ಕೊಂಡಿಡಿ. ದಂಡೆಯಿಂದ ನಿಲ್ದಾಣಕ್ಕೆ ಐದೇ ನಿಮಿಷ. ರೈಲಿನಲ್ಲಿ ಚೀಸಿನ ಚೀಲವನ್ನು ಹೀಟರ್ ಪಕ್ಕ ಇಡಬೇಡಿ, ಡಬ್ಬಿಯವರೆಲ್ಲ ನಿಮ್ಮನ್ನೇ ನೋಡುತ್ತಾರೆ.